ನಮ್ಮ ಬೀದಿಯ ಕಾಲ್ಚೆಂಡಿನ ಕೂಟ

ಗೃಹಸ್ಥರು ಓದುವ ಪತ್ರಿಕೆಯಲ್ಲಿ ಕಾಲ್ಚೆಂಡಾಟದ ಪ್ರಸ್ತಾಪವೇಕೆ, ಅದೂ ಎಪ್ಪತ್ತು ದಾಟಿದ ಹೆಂಗಸೊಬ್ಬಳು ಅದನ್ನೆತ್ತಿಕೊಂಡು ಕುಳಿತುದೇಕೆ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಮೈದಾನದಲ್ಲಿ ಓಡುವವರು ಹನ್ನೊಂದು ಜನರಾದರೂ ಒಂದು ಸಣ್ಣ ಕೂಟ ಬದುಕುವುದು ಹನ್ನೊಂದು ಮನೆಗಳ ಅಡಿಗೆಮನೆಯ ಬಲದಿಂದ. ಕೆಸರು ಮೆತ್ತಿದ ಅಂಗಿಯನ್ನು ಒಗೆದು ಒಣಗಿಸುವವರು ಯಾರು? ಊದಿಕೊಂಡ ಮೊಣಕಾಲಿಗೆ ರಾತ್ರಿ ಹರಳೆಣ್ಣೆ ಕಾಯಿಸಿ ತೀಡುವವರು ಯಾರು? ಆಟ ಮುಗಿಸಿ ಹಸಿದು ಬಂದವನಿಗೆ ಮುದ್ದೆಯ ತಟ್ಟೆಯನ್ನು ಮುಂದಿಟ್ಟು, ಅವನೊಡನೆ ಬಂದ ಇನ್ನಿಬ್ಬರು ಹುಡುಗರನ್ನು ಕಂಡು ತನ್ನ ಪಾಲನ್ನು ಕಡಿಮೆಮಾಡಿಕೊಳ್ಳುವವರು ಯಾರು? ಕಪ್ಪುಗಳ ಮೇಲೆ ಇವರ ಹೆಸರನ್ನು ಯಾರೂ ಕೆತ್ತಿಸುವುದಿಲ್ಲ. ಆದುದರಿಂದ ಈ ವಿಷಯದಲ್ಲಿ ಮಾತನಾಡುವ ಅಧಿಕಾರ ನನಗೂ ಸ್ವಲ್ಪ ಉಂಟೆಂದು ಭಾವಿಸುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಹಲಸೂರಿನಲ್ಲಿ. ಈಗಿನವರಿಗೆ ಬೆಂಗಳೂರೆಂದರೆ ಒಂದೇ ಊರು. ನಮ್ಮ ಹಿರಿಯರ ಕಾಲಕ್ಕೆ ಅದು ಎರಡಾಗಿದ್ದಿತು. ಪಶ್ಚಿಮಕ್ಕೆ ಮಹಾರಾಜರ ಆಡಳಿತದ ಪೇಟೆ. ಪೂರ್ವಕ್ಕೆ 1809ರಲ್ಲಿ ನೆಲೆಯೂರಿದ ಇಂಗ್ಲಿಷರ ದಂಡು. ದಂಡಿನ ಪ್ರದೇಶ ಮೈಸೂರಿಗೆ ಮರಳಿದ್ದು 1947ರಲ್ಲಿ. ಎರಡು ಊರುಗಳೂ ಒಂದೇ ನಗರಸಭೆಯ ಕೆಳಗೆ ಬಂದದ್ದು 1949ರಲ್ಲಿ. ಪೇಟೆಯಿಂದ ದಂಡಿಗೆ ಬಂದವರು ಬೇರೆ ದೇಶಕ್ಕೆ ಬಂದವರಂತೆ ಸುತ್ತಮುತ್ತ ನೋಡುತ್ತಿದ್ದರೆಂದು ನಮ್ಮ ತಂದೆಯವರು ಹೇಳುತ್ತಿದ್ದುದುಂಟು.

ಕಾಲ್ಚೆಂಡು ಬಂದದ್ದು ಈ ದಂಡಿನ ಬಾಗಿಲಿನಿಂದ. ಆಟದ ನಿಯಮಗಳನ್ನು ಲಂಡನ್ನಿನಲ್ಲಿ ಕ್ರಮವಾಗಿ ಬರೆದದ್ದು 1863ರಲ್ಲಿ. ಅನಂತರ ಇಂಗ್ಲಿಷರ ಪಲ್ಟಣ ಎಲ್ಲೆಲ್ಲಿ ಬೀಡುಬಿಟ್ಟಿತೋ ಅಲ್ಲೆಲ್ಲ ಬಂದೂಕಿನ ಹಿಂದೆಯೇ ಚೆಂಡೂ ಹೋಯಿತು. ಸಿಮ್ಲಾದ ಡ್ಯೂರಾಂಡ್ ಪಂದ್ಯ 1888ರಲ್ಲಿಯೂ, ಮುಂಬಯಿಯ ರೋವರ್ಸ್ ಪಂದ್ಯ 1891ರಲ್ಲಿಯೂ, ಕಲ್ಕತ್ತೆಯ ಲೀಗ್ 1898ರಲ್ಲಿಯೂ ಆರಂಭವಾದುವು. ಮೊದಮೊದಲು ಇವೆಲ್ಲ ಸೋಲ್ಜರರ ವಿನೋದ. ಆದರೆ ದಂಡೆಂಬುದು ಸೋಲ್ಜರರಿಂದ ಮಾತ್ರವೇ ಆದುದಲ್ಲವಷ್ಟೆ. ಅವರ ಕುದುರೆಯನ್ನು ತೊಳೆಯುವವರು, ಬಟ್ಟೆ ಹೊಲಿಯುವವರು, ರೊಟ್ಟಿ ಸುಡುವವರು, ಬೂಟಿಗೆ ಮೊಳೆ ಹೊಡೆಯುವವರು, ಇವರೆಲ್ಲರ ಮನೆಗಳು ದಂಡಿನ ಸುತ್ತಲೂ ಬೆಳೆದುವು. ನಮ್ಮ ಹಲಸೂರು, ಅದರ ಪಕ್ಕದ ಗೌತಮಪುರ, ಆಸ್ಟಿನ್ ಟೌನು, ಶಿವಾಜಿನಗರ ಈ ಬಗೆಯ ಕೇರಿಗಳು. ಮನೆಯೊಳಗೆ ತಮಿಳು, ಉರ್ದು, ತೆಲುಗು, ಕನ್ನಡ ಯಾವುದಿದ್ದರೂ ಮೈದಾನದಲ್ಲಿ ಎಲ್ಲವೂ ಕಲಸಿಹೋಗಿ ಒಂದು ವಿಚಿತ್ರ ಭಾಷೆಯಾಗುತ್ತಿದ್ದಿತು. ನನ್ನ ಅಣ್ಣ ಚೆಂಡು ಬೇಡುತ್ತಿದ್ದುದು ತಮಿಳಿನಲ್ಲಿ, ಬೈಯುತ್ತಿದ್ದುದು ಉರ್ದುವಿನಲ್ಲಿ, ಬಿದ್ದರೆ ‘ಅಮ್ಮಾ’ ಎನ್ನುತ್ತಿದ್ದುದು ಮಾತ್ರ ಕನ್ನಡದಲ್ಲಿ.

ಸೋಲ್ಜರರಿಗೆ ಬೂಟುಗಳಿದ್ದುವು, ಕೇರಿಯ ಹುಡುಗರಿಗೆ ಇರಲಿಲ್ಲ. ಬರಿಗಾಲಿನವರು ಬೂಟಿನವರೆದುರು ಆಡುವುದೆಂದರೆ ಹುಡುಗಾಟವಲ್ಲ. 1911ರಲ್ಲಿ ಕಲ್ಕತ್ತೆಯ ಮೋಹನ್ ಬಗಾನ್ ತಂಡದವರು ಈಸ್ಟ್ ಯಾರ್ಕ್‌ಷೈರ್ ಪಲ್ಟಣವನ್ನು ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದಾಗ ಅವರ ಪೈಕಿ ಬಹುಮಂದಿ ಬರಿಗಾಲಿನವರೇ. ಆ ಸುದ್ದಿಯನ್ನು ದೇಶವೆಲ್ಲ ಕೊಂಡಾಡಿತು, ಇಂದಿಗೂ ಕೊಂಡಾಡುತ್ತಿದೆ. ಬೆಂಗಳೂರಿನವರ ಸರದಿ ಅದರ ಕಾಲು ಶತಮಾನದ ಮೇಲೆ ಬಂದಿತು. ರೋವರ್ಸ್ ಕಪ್ಪನ್ನು ಪ್ರಪ್ರಥಮವಾಗಿ ಗೆದ್ದ ಭಾರತೀಯ ತಂಡ ಯಾವುದೆಂದು ಈಗಿನ ಹುಡುಗರನ್ನು ಕೇಳಿ ನೋಡಿ. ಕಲ್ಕತ್ತೆಯ ಹೆಸರನ್ನೇ ಹೇಳುತ್ತಾರೆ. ಅದು ನಮ್ಮ ಬೆಂಗಳೂರು ಮುಸ್ಲಿಮ್ಸ್. 1937ರಲ್ಲಿ ಅವರು ಅಂತಿಮ ಪಂದ್ಯದಲ್ಲಿ ಸೋಲಿಸಿದ್ದು ಆಗ ಕಲ್ಕತ್ತೆಯಲ್ಲಿ ಮೆರೆಯುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. ಮರುವರ್ಷ ಸೋಲಿಸಿದ್ದು ಆರ್ಗೈಲ್ ಅಂಡ್ ಸದರ್‌ಲೆಂಡ್ ಹೈಲೆಂಡರ್ಸ್ ಎಂಬ ಬಿಳಿಯರ ಪಲ್ಟಣವನ್ನು. 1948ರಲ್ಲಿ ಮತ್ತೊಮ್ಮೆ ಕಪ್ಪನ್ನು ತಂದರು.

ನಮ್ಮ ತಂದೆಯವರು ಕಚೇರಿಯ ಗುಮಾಸ್ತರು. ಸಿಟ್ಟು ಬಂದಾಗಲೂ ದನಿಯೇರಿಸಿದವರಲ್ಲ. ಅಂಥವರು 1946-47ರಲ್ಲಿ ಮೈಸೂರು ತಂಡ ಇಲ್ಲಿಯೇ ಬೆಂಗಳೂರಿನಲ್ಲಿ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿಯನ್ನು ಗೆದ್ದ ದಿನ ಟೋಪಿಯನ್ನು ಆಕಾಶಕ್ಕೆಸೆದು, ಅದು ಯಾರ ಪಾಲಾಯಿತೋ ತಿಳಿಯದೆ ಬರಿತಲೆಯಲ್ಲಿ ಮನೆಗೆ ಬಂದರಂತೆ. ಇದು ಅಮ್ಮ ಹೇಳುತ್ತಿದ್ದ ಕಥೆ. ಟೋಪಿಯ ಬೆಲೆಯನ್ನು ಅವಳು ಕಡೆಯವರೆಗೂ ಮರೆಯಲಿಲ್ಲ.

ಮರುವರ್ಷವೇ, 1948ರ ಜುಲೈ 31ರಂದು, ಸ್ವತಂತ್ರ ಭಾರತದ ತಂಡ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸನ್ನು ಎದುರಿಸಿತು. ಒಂದು ಗೋಲಿಗೆ ಎರಡು ಗೋಲುಗಳಿಂದ ಸೋತಿತು. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡದ್ದರಿಂದ ಸೋತಿತೆಂಬ ಕೊರಗು ಹಿರಿಯರಲ್ಲಿ ಬಹುಕಾಲ ಉಳಿದಿದ್ದಿತು. ಆದರೂ ಆ ಒಂದು ಗೋಲನ್ನು ಹೊಡೆದವನು ನಮ್ಮ ಮೈಸೂರು ತಂಡದ ಸಾರಂಗಪಾಣಿ ರಾಮನ್. ಅಹಮದ್ ಖಾನ್, ವಜ್ರವೇಲು, ಬಷೀರ್, ಧನರಾಜ್, ಇವರೂ ನಮ್ಮವರೇ. ಒಂದು ಸಂಸ್ಥಾನದಿಂದ ಇಷ್ಟು ಮಂದಿ! ಅವರು ಯಾವ ದೊಡ್ಡ ಶಾಲೆಯಲ್ಲಿಯೂ ಆಟವನ್ನು ಕಲಿಯಲಿಲ್ಲ. ಬೀದಿಯಲ್ಲಿ ಕಲಿತರು, ಬೀದಿಯ ಕೂಟಗಳಲ್ಲಿ ಪಳಗಿದರು.

ಈ ಕೂಟಗಳ ವಿಷಯವನ್ನು ಹೇಳಬೇಕೆಂದೇ ನಾನು ಕುಳಿತದ್ದು. ಲೀಗ್ ಎಂಬ ವ್ಯವಸ್ಥೆಯನ್ನು ಅರಿಯದ ಗೃಹಿಣಿಯರಿಗಾಗಿ ಎರಡು ಮಾತು: ಅದು ಶಾಲೆಯ ತರಗತಿಗಳಂತೆ. ಕೆಳಗಿನದು ಸಿ ಡಿವಿಷನ್, ಅದರ ಮೇಲೆ ಬಿ, ಅದರ ಮೇಲೆ ಎ. ಈಗ ಎಲ್ಲಕ್ಕೂ ಮೇಲೆ ಸೂಪರ್ ಡಿವಿಷನ್. ಪ್ರತಿಯೊಂದು ತಂಡವೂ ತನ್ನ ತರಗತಿಯ ಎಲ್ಲ ತಂಡಗಳೊಡನೆ ಆಡಬೇಕು. ಗೆದ್ದರೆ ಆಗ ಎರಡಂಕ, ಈಗ ಮೂರು, ಸರಿಸಮವಾದರೆ ಒಂದು. ವರ್ಷದ ಕೊನೆಗೆ ಮೇಲಿದ್ದವರು ಪಾಸಾಗಿ ಮೇಲಿನ ತರಗತಿಗೆ ಏರುತ್ತಾರೆ, ಅಡಿಯಲ್ಲಿದ್ದವರು ಇಳಿಯುತ್ತಾರೆ. ಕಪ್ಪಿನ ಪಂದ್ಯದಲ್ಲಿ ಒಮ್ಮೆ ಸೋತರೆ ಮನೆಗೆ ಹೋಗಬೇಕು. ಲೀಗಿನಲ್ಲಿ ಸೋತರೂ ಮುಂದಿನ ವಾರ ಮತ್ತೆ ಅಂಗಿ ಒಗೆಯಬೇಕು. ನನಗೆ ಲೀಗೇ ಹೆಚ್ಚು ಇಷ್ಟ. ಅದು ಸಂಸಾರವನ್ನು ಹೋಲುತ್ತದೆ.

ನಮ್ಮ ಬೀದಿಯ ಕೂಟ ಸಿ ಡಿವಿಷನ್ನಿನದು. ಅದರ ಅಧ್ಯಕ್ಷ, ಕಾರ್ಯದರ್ಶಿ, ಕೋಶಾಧಿಕಾರಿ, ತರಬೇತುದಾರ ಎಲ್ಲವೂ ಒಬ್ಬರೇ: ಬೀದಿಯ ಮೂಲೆಯಲ್ಲಿ ಹೊಲಿಗೆಯಂಗಡಿ ಇಟ್ಟಿದ್ದವರು. ನಾವೆಲ್ಲ ಅವರನ್ನು ಟೈಲರ್ ಸಾಹೇಬರು ಎನ್ನುತ್ತಿದ್ದೆವು. ಅವರು ತಾರುಣ್ಯದಲ್ಲಿ ಬರಿಗಾಲಿನಲ್ಲಿ ಆಡಿ ಎಡಗಾಲಿನ ಎರಡು ಬೆರಳುಗಳನ್ನು ಮುರಿದುಕೊಂಡವರು. ಹೊಲಿಗೆಯ ಯಂತ್ರವನ್ನು ತುಳಿಯುವಾಗ ಆ ಬೆರಳುಗಳು ಮೇಲಕ್ಕೆ ಎದ್ದೇ ಇರುತ್ತಿದ್ದುವು. ಅಂಗಡಿಯೇ ಕೂಟದ ಕಚೇರಿ. ಗಿರಾಕಿಗಳ ಬಟ್ಟೆಯ ನಡುವೆ ಚೆಂಡು, ಪಂಪು, ಒಂದು ಡಬ್ಬ ಮುಲಾಮು, ಲೆಕ್ಕದ ಪುಸ್ತಕ.

ಆ ಲೆಕ್ಕದ ಪುಸ್ತಕ ಈಗ ನನ್ನ ಅಣ್ಣನ ಬಳಿಯಲ್ಲಿದೆ. ಉರ್ದು ಅಕ್ಷರದ ಲೆಕ್ಕವಾದುದರಿಂದ ನಮಗೆ ಓದಲು ಬಾರದು. ನೆರೆಯವರೊಬ್ಬರು ಒಮ್ಮೆ ಓದಿ ಹೇಳಿದರು. ಬ್ಲಾಡರು, ಬ್ಲಾಡರಿಗೆ ತೇಪೆ, ಮತ್ತೆ ತೇಪೆ, ಲೇಸು, ನಿಂಬೆಯ ಹಣ್ಣು, ಸೋಡ, ಲೀಗಿನ ಪ್ರವೇಶದ ಹಣ, ಗೋಲ್ ಕಾಯುವ ಹುಡುಗನ ತಾಯಿಗೆ ಔಷಧಿ. ಜಮೆಯ ಕಡೆ ಕಾಣುವುದು ಹೆಚ್ಚಾಗಿ ನಾಲ್ಕಾಣೆ, ಎಂಟಾಣೆ. 1957ರಿಂದ ಈಚೆಗೆ ನಯೇಪೈಸೆ. ‘ಸ್ವಂತದಿಂದ’ ಎಂಬ ಒಂದು ಜಮೆ ಪ್ರತಿ ತಿಂಗಳೂ ಬರುತ್ತದೆ. ಅದು ಸಾಹೇಬರದೇ.

ಆ ಕಾಲದ ಚೆಂಡಿನ ವಿಷಯವನ್ನೂ ಹೇಳಬೇಕು. ಒಳಗೆ ರಬ್ಬರಿನ ಬ್ಲಾಡರು, ಹೊರಗೆ ಹೊಲಿದ ತೊಗಲು, ಬಾಯಿಗೆ ಲೇಸು. ಮಳೆಯಲ್ಲಿ ನೆನೆದರೆ ಅದು ನೀರು ಕುಡಿದು ಕಲ್ಲಿನಂತಾಗುತ್ತಿದ್ದಿತು. ಲೇಸಿನ ಕಡೆಯಿಂದ ಹಣೆಗೆ ತಗುಲಿದರೆ ಬರೆ ಎಳೆದಂತೆ ಗುರುತು. ಅಣ್ಣನ ಹಣೆಯ ಮೇಲೆ ಅಂಥದೊಂದು ಗುರುತು ಕಂಡ ದಿನ ಅಮ್ಮ ಇಡೀ ಬೀದಿಗೆ ಕೇಳುವಂತೆ ಕಾಲ್ಚೆಂಡನ್ನು ಶಪಿಸಿದಳು. ಶಪಿಸಿದ ಮೇಲೆ ಹಳೆಯ ಪಂಚೆಯನ್ನು ಹರಿದು, ಎರಡಂಗುಲ ಅಗಲದ ಪಟ್ಟಿಗಳನ್ನಾಗಿ ಮಾಡಿ, ಅವನ ಕಾಲಿನ ಗಿಣ್ಣಿಗೆ ಸುತ್ತಿಕೊಳ್ಳಲು ಕೊಟ್ಟಳು. ಬರಿಗಾಲಿನವರಿಗೆ ಆ ಪಟ್ಟಿಯೇ ಕವಚ.

ಬೂಟಿನ ಕಾಲ ಬಂದದ್ದೂ ಕಷ್ಟಕ್ಕೇ ಆಯಿತು. 1952ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಸ್‌ನಲ್ಲಿ ನಮ್ಮವರು ಯುಗೋಸ್ಲಾವಿಯಕ್ಕೆ ಹತ್ತು ಗೋಲುಗಳಿಂದ ಸೋತರು; ನಮ್ಮ ಪಾಲಿನ ಒಂದೇ ಗೋಲು ಬೆಂಗಳೂರಿನ ಅಹಮದ್ ಖಾನ್ ಹೊಡೆದದ್ದು. ಅದಾದ ಮೇಲೆ ಬೂಟುಗಳಿಲ್ಲದೆ ಆಡಬಾರದೆಂಬ ಕಟ್ಟಳೆಯಾಯಿತು. ಕಟ್ಟಳೆ ಸರಿಯಾದುದೇ. ಆದರೆ ಅದನ್ನು ಮಾಡಿದ ಸಭೆಯಲ್ಲಿ ಕೂಲಿಯವನ ಹೆಂಡತಿಯೊಬ್ಬಳೂ ಕುಳಿತಿದ್ದಿದ್ದರೆ, ಬೂಟುಗಳ ಖರ್ಚು ಯಾರದೆಂಬ ಪ್ರಶ್ನೆಯೂ ಅಂದೇ ಎದ್ದಿರುತ್ತಿದ್ದಿತು. ನಮ್ಮ ಬೀದಿಯ ಹುಡುಗರು ಶಿವಾಜಿನಗರದ ಗುಜರಿಯಿಂದ ಸಿಪಾಯಿಗಳು ಬಿಸುಟ ಬೂಟುಗಳನ್ನು ತಂದು, ಅಟ್ಟೆ ಹಾಕಿಸಿ, ಒಂದೇ ಜೋಡಿಯನ್ನು ಇಬ್ಬರು ಸರದಿಯ ಮೇಲೆ ತೊಡುತ್ತಿದ್ದರು. ಅಣ್ಣನ ಪಾಲಿನ ಜೋಡಿಯಲ್ಲಿ ಬಲಗಾಲಿನದು ಒಂದಂಗುಲ ದೊಡ್ಡದು. ಮುಂದೆ ತುರುಕಲು ಹಳೆಯ ಬಟ್ಟೆಯನ್ನು ನಾನೇ ಒದಗಿಸುತ್ತಿದ್ದೆ.

ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಎಡಗಡೆಯ ಮುಂಚೂಣಿಯ ಆಟಗಾರ. ಅವನ ಆಟ ಹೇಗಿದ್ದಿತೆಂದು ನಾನು ಹೇಳಿದರೆ ತಂಗಿಯ ಮಾತಾಗುತ್ತದೆ. 1961ರಲ್ಲಿ, ಅವನಿಗೆ ಹದಿನೆಂಟು ತುಂಬಿದ ವರ್ಷ, ನಮ್ಮ ಕೂಟ ಸಿ ಡಿವಿಷನ್ನಿನ ಮೇಲ್ತುದಿಗೆ ಬಂದಿದ್ದಿತು ಎಂಬುದಷ್ಟೇ ಸಾಕು. ಉಳಿದದ್ದು ಮೂರು ಪಂದ್ಯ. ಅದರಲ್ಲಿ ಎರಡನ್ನು ಗೆದ್ದರೆ ಬಿ ಡಿವಿಷನ್. ಹತ್ತು ವರ್ಷಗಳಿಂದ ಸಾಹೇಬರು ಕಾಯುತ್ತಿದ್ದ ದಿನ ಅದು.

ಆ ವಾರವೇ ಒಂದು ಕಾರ್ಖಾನೆಯಿಂದ ಅಣ್ಣನಿಗೆ ಕರೆ ಬಂದಿತು.

ಇಲ್ಲಿ ಸ್ವಲ್ಪ ನಿಂತು ‘ಹವ್ಯಾಸಿ’ ಎಂಬ ಮಾತಿನ ವಿಚಾರವನ್ನು ಹೇಳುವುದು ಅಗತ್ಯ. ಹಣಕ್ಕಾಗಿ ಆಡದವನು ಹವ್ಯಾಸಿ, ಹಣಕ್ಕಾಗಿ ಆಡುವವನು ವೃತ್ತಿಗಾರ ಎಂದು ಇಂಗ್ಲೆಂಡಿನಲ್ಲಿ ಗೆರೆ ಎಳೆದವರು ಉಂಡುಟ್ಟು ಸುಖವಾಗಿದ್ದ ದೊಡ್ಡಮನೆಯವರು. ಉತ್ತರದ ಗಿರಣಿಗಳ ಕೂಲಿಗಾರರು ಆಟಕ್ಕಾಗಿ ಒಂದು ದಿನದ ಕೂಲಿಯನ್ನು ಬಿಟ್ಟರೆ ಮಕ್ಕಳಿಗೆ ರೊಟ್ಟಿಯಿಲ್ಲ. ಅವರು ಬಿಟ್ಟ ಕೂಲಿಯನ್ನು ಕೇಳಿದರೆ ಅದು ಆಟಕ್ಕೆ ಕಳಂಕವೆಂದರು. ಈ ಜಗಳ ವರ್ಷಗಟ್ಟಲೆ ನಡೆದು 1885ರಲ್ಲಿ ಸಂಬಳದ ಆಟಕ್ಕೆ ಒಪ್ಪಿಗೆ ದೊರೆಯಿತು. ಹವ್ಯಾಸಿ ವೃತ್ತಿಗಾರ ಎಂಬ ಭೇದವನ್ನೇ ಅಳಿಸಿದ್ದು 1974ರಲ್ಲಿ. ನಮ್ಮಲ್ಲಿ ಮಾತ್ರ ಮೂರನೆಯದೊಂದು ದಾರಿ ಹುಟ್ಟಿತು. ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಕಾರ್ಖಾನೆಗಳು, ಸೈನ್ಯದ ಎಂ.ಇ.ಜಿ., ಎ.ಎಸ್.ಸಿ. ಮುಂತಾದ ಕೇಂದ್ರಗಳು ತಮ್ಮದೇ ತಂಡಗಳನ್ನು ಕಟ್ಟಿದುವು. ಕಾರ್ಖಾನೆಯ ಆಟಗಾರನು ಹೆಸರಿಗೆ ಫಿಟ್ಟರನೋ ಗುಮಾಸ್ತನೋ. ಬೆಳಗಿನ ಹೊತ್ತು ಕಾರ್ಖಾನೆ, ಮಧ್ಯಾಹ್ನದ ಮೇಲೆ ಮೈದಾನ. ಸಂಬಳ ಫಿಟ್ಟರನದು, ಬೆವರು ಆಟಗಾರನದು. ಇವನನ್ನು ಹವ್ಯಾಸಿಯೆನ್ನಬೇಕೋ ವೃತ್ತಿಗಾರನೆನ್ನಬೇಕೋ ಎಂಬುದನ್ನು ಪಂಡಿತರು ನಿರ್ಣಯಿಸಲಿ. ಅವನ ಮನೆಯಲ್ಲಿ ತಿಂಗಳ ಮೊದಲನೆಯ ತಾರೀಖಿಗೆ ಅಕ್ಕಿ ಬರುತ್ತಿದ್ದಿತು.

ಅಣ್ಣನಿಗೆ ಬಂದ ಕರೆಯೂ ಇಂಥದೇ. ಕೆಲಸ ಕಾಯಂ; ಪ್ರಾವಿಡೆಂಟ್ ಫಂಡು ಉಂಟು; ಮಧ್ಯಾಹ್ನದ ಊಟ ಕ್ಯಾಂಟೀನಿನಲ್ಲಿ. ಒಂದೇ ಷರತ್ತು: ಆ ವಾರದೊಳಗೆ ತಮ್ಮ ತಂಡಕ್ಕೆ ಹೆಸರು ಬರೆಸಬೇಕು. ಬರೆಸಿದರೆ ನಮ್ಮ ಬೀದಿಯ ಮೂರು ಪಂದ್ಯಗಳನ್ನು ಆಡುವಂತಿಲ್ಲ.

ಅಣ್ಣ ಎರಡು ದಿನ ಮನೆಯಲ್ಲಿ ಬಾಯಿ ಬಿಡಲಿಲ್ಲ. ಯಾರೋ ಅಂಗಡಿಯಲ್ಲಿ ಹೇಳಿ ಅದು ತಂದೆಯವರ ಕಿವಿಗೆ ಬಿದ್ದಿತು. ನನ್ನ ತಂದೆಯವರ ಸಂಕಟ ಬೇರೆಯ ಬಗೆಯದು. ಮಗ ಓದಿ ತಮ್ಮಂತೆಯೇ ಕಚೇರಿಯ ಕುರ್ಚಿಯಲ್ಲಿ ಕುಳಿತುಕೊಳ್ಳಬೇಕೆಂಬುದು ಅವರ ಆಸೆ. ಕಾಲಿನಿಂದ ಅನ್ನ ಸಂಪಾದಿಸುವುದು ಅವರಿಗೆ ಅಷ್ಟು ಸರಿಕಾಣಲಿಲ್ಲ. ಟೋಪಿ ಎಸೆದವರೇ ಹೀಗೆ! ಪಕ್ಕದ ಮನೆಯ ಮಗ ಆಡಿದರೆ ಚಪ್ಪಾಳೆ, ತನ್ನ ಮಗ ಆಡಿದರೆ ತಲೆನೋವು. ಈ ಗುಣ ಅವರೊಬ್ಬರದೇ ಅಲ್ಲವೆಂಬುದನ್ನು ವಾಚಕರು ಬಲ್ಲರು.

ಮೂರನೆಯ ದಿನ ಸಂಜೆ ಸಾಹೇಬರು ತಾವಾಗಿಯೇ ಮನೆಗೆ ಬಂದರು. ಒಳಗೆ ಬನ್ನಿರೆಂದರೂ ಜಗಲಿಯ ಮೇಲೆಯೇ ಕುಳಿತರು. ಕೈಯಲ್ಲಿ ಕಾಗದವಿದ್ದಿತು, ಅಣ್ಣನನ್ನು ಕೂಟದಿಂದ ಬಿಟ್ಟುಕೊಡುವ ಪತ್ರ. ಸಹಿ ಆಗಲೇ ಆಗಿದ್ದಿತು.

“ರಾಯರೇ, ಹುಡುಗನನ್ನು ಕಳಿಸಿಕೊಡಿ. ಅವನು ನನ್ನ ಮುಖ ನೋಡಿ ಸುಮ್ಮನಿದ್ದಾನೆ. ನನ್ನ ಮುಖದಲ್ಲಿ ಅನ್ನವಿಲ್ಲ,” ಎಂದರು.

ತಂದೆಯವರು, “ಸಾಹೇಬರೇ, ನಿಮ್ಮ ಕೂಟದ ಗತಿ?” ಎಂದು ಕೇಳಿದರು.

“ಕೂಟಕ್ಕೆ ಬಿ ಡಿವಿಷನ್ ಮುಂದಿನ ವರ್ಷವೂ ಬರುತ್ತದೆ. ಇವನಿಗೆ ಈ ಕೆಲಸ ಮುಂದಿನ ವರ್ಷ ಬರುತ್ತದೆಯೇ?”

ಅಮ್ಮ ಬಾಗಿಲ ಸಂದಿಯಿಂದ ಕೇಳುತ್ತಿದ್ದವಳು ಕಾಫಿಯ ಲೋಟವನ್ನು ತಂದಿಟ್ಟಳು. ನಮ್ಮ ಮನೆಯಲ್ಲಿ ಅವರು ಕಾಫಿ ಕುಡಿದದ್ದು ಅದೇ ಮೊದಲು. ಆ ಲೋಟವನ್ನು ಬೇರೆಯಾಗಿ ಇಡಬೇಕೆಂಬ ಮಾತನ್ನು ಅಜ್ಜಿ ಎತ್ತಿದಳು. ಅಮ್ಮ ಕೇಳಿಸದವಳಂತೆ ಅದನ್ನು ಬೆಳಗಿ ಉಳಿದ ಲೋಟಗಳೊಡನೆ ಬೋರಲು ಹಾಕಿದಳು.

ಅಣ್ಣ ಕಾರ್ಖಾನೆಗೆ ಸೇರಿದನು. ನಮ್ಮ ಕೂಟ ಆ ಮೂರರಲ್ಲಿ ಒಂದನ್ನು ಗೆದ್ದು ಎರಡನ್ನು ಸೋತಿತು. ಸಾಹೇಬರು ಹೇಳಿದ ಮುಂದಿನ ವರ್ಷ ಬರಲೇ ಇಲ್ಲ. ಆಮೇಲೆ ಇನ್ನಿಬ್ಬರು ಹುಡುಗರನ್ನು ಬೇರೆ ಕಾರ್ಖಾನೆಗಳವರು ಕರೆದುಕೊಂಡರು. ಒಬ್ಬನು ಸೈನ್ಯಕ್ಕೆ ಸೇರಿದನು. ಪ್ರತಿ ಸಲವೂ ಸಾಹೇಬರು ಬಿಡುಗಡೆಯ ಕಾಗದಕ್ಕೆ ಸಹಿ ಹಾಕಿ, ಹೊಸ ಹುಡುಗನಿಗೆ ಅಂಗಿಯ ಅಳತೆ ತೆಗೆದುಕೊಳ್ಳುತ್ತಿದ್ದರು. 1966ರಲ್ಲಿ ಅವರು ತೀರಿಕೊಂಡ ಮೇಲೆ ಲೀಗಿನ ಪ್ರವೇಶದ ಹಣವನ್ನು ಕಟ್ಟುವವರಿಲ್ಲದೆ ಕೂಟದ ಹೆಸರು ಪಟ್ಟಿಯಿಂದ ಬಿದ್ದುಹೋಯಿತು.

ಇದರಲ್ಲಿ ತಪ್ಪು ಯಾರದು? ನನಗೆ ತಿಳಿದಮಟ್ಟಿಗೆ ಯಾರದೂ ಅಲ್ಲ. ಕಾರ್ಖಾನೆಯವರು ಬೀದಿಯ ಬೆಳೆಯನ್ನು ಕೊಯ್ದುಕೊಂಡರು, ಬಿತ್ತನೆಗೆ ಒಂದು ಹಿಡಿ ಬಿಡಲಿಲ್ಲ ಎಂದು ಕೆಲವರು ಹೇಳುವುದುಂಟು. ಮಾತು ಸುಳ್ಳಲ್ಲ. ಆದರೆ ನಾನು ಕಾಲೇಜಿನ ಮೆಟ್ಟಿಲು ಹತ್ತಿದ್ದು ಆ ಕೊಯ್ಲಿನ ಹಣದಿಂದ. ನಮ್ಮ ತಂದೆಯವರು ಕಣ್ಣಿನ ದೋಷದಿಂದ ಅವಧಿಗೆ ಮುಂಚೆಯೇ ಕೆಲಸ ಬಿಡಬೇಕಾದಾಗ ಮನೆ ನಡೆದದ್ದು ಎಡಗಾಲಿನ ಆಟಗಾರನ ಸಂಬಳದಿಂದ. ಏಳನೆಯ ವರ್ಷ ಅವನ ಮೊಣಕಾಲು ತಿರುಚಿ ಆಟ ನಿಂತುಹೋಯಿತು. ಕೆಲಸ ನಿಲ್ಲಲಿಲ್ಲ, ಐವತ್ತೆಂಟರವರೆಗೂ ಅದೇ ಕಾರ್ಖಾನೆಯಲ್ಲಿದ್ದು ನಿವೃತ್ತನಾದನು. ಬೀದಿಯ ಕೂಟದಲ್ಲಿ ಅದೇ ಮೊಣಕಾಲು ತಿರುಚಿದ್ದಿದ್ದರೆ ನಮಗೆ ಉಳಿಯುತ್ತಿದ್ದುದು ಹರಳೆಣ್ಣೆಯೊಂದೇ.

ಬೀದಿಯ ಕೂಟಗಳೆಲ್ಲ ಅಳಿದುವೆಂದು ವಾಚಕರು ತಿಳಿಯಬಾರದು. ಬೆಂಗಳೂರು ಮುಸ್ಲಿಮ್ಸ್, ಸ್ಟೂಡೆಂಟ್ಸ್ ಯೂನಿಯನ್, ಜವಾಹರ್ ಯೂನಿಯನ್ ಮುಂತಾದವು ಹಲವು ತಲೆಮಾರುಗಳನ್ನು ಕಂಡುವು. ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ಪ್ರತಿಮೆಗಳ ಸಾಲಿನಲ್ಲಿಯೇ ಬ್ರೆಜಿಲ್ ದೇಶದ ಆಟಗಾರ ಪೆಲೆಯ ಪ್ರತಿಮೆಯೂ ಇದೆ. ನೋಡದವರು ಹೋಗಿ ನೋಡಬೇಕು. ಕಾರ್ಖಾನೆಗಳ ತಂಡಗಳಿಗೇ ಹಳೆಯ ವೈಭವ ಉಳಿದಿಲ್ಲ. ಆಟಗಾರನಿಗೆ ಕಾಯಂ ಕೆಲಸವೆಂಬುದು ಅಪರೂಪವಾಗಿದೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಪೂರ್ಣ ವೃತ್ತಿಗಾರರ ತಂಡ. ಅದರ ಪಂದ್ಯಗಳಿಗೆ ಕಂಠೀರವ ಕ್ರೀಡಾಂಗಣದಲ್ಲಿ ಸಾವಿರಗಟ್ಟಲೆ ಜನ ಸೇರಿದ್ದಾರೆ. ಒಳ್ಳೆಯದೇ. ಜಿಲ್ಲೆಯ ಲೀಗಿನ ಪಂದ್ಯವನ್ನು ನೋಡಲು ಅಶೋಕನಗರದ ಮೈದಾನಕ್ಕೆ ಹೋದರೆ ಮಾತ್ರ ಮೆಟ್ಟಿಲುಗಳ ಮೇಲೆ ಕಾಣುವವರು ಆಟಗಾರರ ತಂದೆತಾಯಂದಿರು, ಕೆಲವು ಮುದುಕರು, ಕಡಲೆಕಾಯಿ ಮಾರುವವನು. ನಾವು ಚೆಂಡಾಡುತ್ತಿದ್ದ ಬಯಲಿನಲ್ಲಿ ಮನೆಗಳೆದ್ದಿವೆ. ಅದರಾಚೆ, ಪ್ಲಾಸ್ಟಿಕ್ಕಿನ ಹುಲ್ಲು ಹಾಸಿ ಬಲೆ ಕಟ್ಟಿದ ಒಂದು ಅಂಗಳವಿದೆ. ಗಂಟೆಗಿಷ್ಟೆಂದು ಬಾಡಿಗೆ ಕೊಟ್ಟು ಆಡಬೇಕು. ನನ್ನ ಮೊಮ್ಮಗಳು ಅಲ್ಲಿ ಆಡುತ್ತಾಳೆ. ಈಗ ಹೆಣ್ಣುಮಕ್ಕಳಿಗೂ ಲೀಗ್ ಉಂಟು. ಅವಳ ಬೂಟುಗಳ ಬೆಲೆಯನ್ನು ಕೇಳಿ ನನಗೆ ಅಮ್ಮನ ಟೋಪಿಯ ಲೆಕ್ಕ ಜ್ಞಾಪಕಕ್ಕೆ ಬಂದಿತು.

ಮೈಸೂರು ರಾಜ್ಯದ ಹೆಸರಿನಲ್ಲಿ ಸಂತೋಷ್ ಟ್ರೋಫಿ ನಾಲ್ಕು ಸಲ ಬಂದಿದ್ದಿತು, ನಾಲ್ಕನೆಯದು 1968-69ರಲ್ಲಿ. ಆಮೇಲೆ ರಾಜ್ಯದ ಹೆಸರು 1973ರಲ್ಲಿ ಕರ್ನಾಟಕವೆಂದಾಯಿತು, ಟ್ರೋಫಿ ಬರಲಿಲ್ಲ. ಐವತ್ತನಾಲ್ಕು ವರ್ಷಗಳ ತರುವಾಯ, 2023ರ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ನಮ್ಮ ಹುಡುಗರು ಮೇಘಾಲಯವನ್ನು ಮೂರು ಗೋಲಿಗೆ ಎರಡರಿಂದ ಸೋಲಿಸಿದರು. ಆ ರಾತ್ರಿ ಅಣ್ಣ ನಮ್ಮ ಮನೆಯಲ್ಲಿದ್ದನು. ಎಂಬತ್ತರ ಹತ್ತಿರ, ಮೊಣಕಾಲು ಮಡಚಲಾರದೆ ಕಾಲನ್ನು ಮಣೆಯ ಮೇಲೆ ನೀಡಿಕೊಂಡು ಮೊಮ್ಮಗಳ ಮೊಬೈಲಿನಲ್ಲಿ ಆಟ ನೋಡಿದನು. ಕೊನೆಯ ಸೀಟಿ ಊದಿದಾಗ ಮಗು ಕುಣಿಯಿತು. ಅವನು ಕನ್ನಡಕ ತೆಗೆದು ಒರೆಸಿಕೊಂಡು, “ಇವರೆಲ್ಲ ಮೊದಲು ಯಾವ ಯಾವ ಬೀದಿಯಲ್ಲಿ ಆಡಿದವರು, ಅದನ್ನು ನೋಡಿ ಹೇಳು ಮರಿ,” ಎಂದನು. ಅವಳು ಬಹಳ ಹೊತ್ತು ಹುಡುಕಿದಳು. ತಂಡಗಳ ಹೆಸರು ಸಿಕ್ಕಿತು, ಬೀದಿಗಳದು ಸಿಕ್ಕಲಿಲ್ಲ.